ಹಸಿರು ಚುಕ್ಕೆ ಹಿತ್ತಿಲಲ್ಲೇ ಇತ್ತು

ನಮ್ಮ ಮನೆ ರೈಲಿನ ಬೋಗಿಯ ಹಾಗೆ ಉದ್ದ. ಹೊನ್ನಾಳಿಯ ಹಳೆಯ ಬೀದಿಗಳಲ್ಲಿ ಇಂಥ ಮನೆಗಳು ಬೇಕಾದಷ್ಟಿವೆ. ಬೀದಿಗೆ ಕಾಣುವುದು ಒಂದು ಬಾಗಿಲು, ಒಂದು ಕಿಟಕಿ. ಒಳಗೆ ಹೋದರೆ ಪಡಸಾಲೆ, ನಡುಮನೆ, ಅಡುಗೆಮನೆ, ಬಚ್ಚಲು ದಾಟಿದ ಮೇಲೆ ಹಿತ್ತಿಲು. ಗೋಡೆಗಳು ಮಣ್ಣಿನವು, ಒಂದೊಂದೂ ಮೊಳ ದಪ್ಪ. ಪಡಸಾಲೆಯಲ್ಲಿ ಇಟ್ಟಿದ್ದ ವೈಫೈ ಡಬ್ಬಿಯ ಸಿಗ್ನಲ್ಲು ನಡುಮನೆಯ ಹೊಸ್ತಿಲಿಗೆ ಬರುವಷ್ಟರಲ್ಲಿ ಒಂದೇ ಕಡ್ಡಿಗೆ ಇಳಿದು, ಅಡುಗೆಮನೆಯಲ್ಲಿ ಮಾಯವಾಗುತ್ತಿತ್ತು.

ಇದರಿಂದ ನನಗೇನೂ ತೊಂದರೆ ಇರಲಿಲ್ಲ. ತೊಂದರೆ ಆಗುತ್ತಿದ್ದದ್ದು ಅವ್ವನಿಗೆ. ಚನ್ನಗಿರಿಯಲ್ಲಿರುವ ನನ್ನ ಅಕ್ಕ ದಿನಾ ಬೆಳಿಗ್ಗೆ ವಿಡಿಯೋ ಕಾಲ್ ಮಾಡುತ್ತಾಳೆ. ಅವ್ವನಿಗೆ ಕೂತು ಮಾತಾಡಿ ಗೊತ್ತೇ ಇಲ್ಲ. ಫೋನು ಹಿಡಿದು ಪಡಸಾಲೆಯಿಂದ ಹೊರಟರೆ ಅವಳ ಮಾತು ಮುಗಿಯುವುದು ಹಿತ್ತಿಲಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ. ನಡುಮನೆಗೆ ಕಾಲಿಟ್ಟ ಕೂಡಲೇ ಅಕ್ಕನ ಮುಖ ಬಾಯಿ ತೆರೆದುಕೊಂಡು ಹಾಗೇ ನಿಂತುಬಿಡುತ್ತಿತ್ತು. ಮೊದಲಾಗಿದ್ದರೆ ಅವ್ವ ಫೋನನ್ನು ಬೈದು ಮುಂದಕ್ಕೆ ಹೋಗುತ್ತಿದ್ದಳು. ಆದರೆ ಆ ಹೊತ್ತಿಗೆ ಅವಳಿಗೆ ಮರೆವಿನ ಕಾಯಿಲೆ ಶುರುವಾಗಿ ಎರಡು ವರ್ಷವಾಗಿತ್ತು. ಅಕ್ಕನ ಮುಖ ನಿಂತಾಗಲೆಲ್ಲ, "ನನ್ನ ಮಗೀಗೆ ಏನೋ ಆಗೈತೆ, ಉಸಿರು ನಿಂತೈತೆ ನೋಡ್ರೋ" ಎಂದು ಎದೆ ಬಡಿದುಕೊಂಡು ಅಳುತ್ತಿದ್ದಳು. ನಿನ್ನೆ ಹೀಗೇ ಆಗಿತ್ತು, ಆಮೇಲೆ ಸರಿಹೋಗಿತ್ತು ಎಂಬುದು ನೆನಪಿದ್ದರೆ ತಾನೆ ಸಮಾಧಾನ? ದಿನಾ ಬೆಳಿಗ್ಗೆ ಅವಳ ಮಗಳು ಹೊಸದಾಗಿ ಸಾಯುತ್ತಿದ್ದಳು.

ದಾವಣಗೆರೆಯ ಡಾಕ್ಟರು ಮುಚ್ಚುಮರೆ ಇಲ್ಲದೆ ಹೇಳಿದ್ದರು, ಇದು ಹೆಚ್ಚಾಗುತ್ತಾ ಹೋಗುವುದೇ ಹೊರತು ಕಡಿಮೆಯಾಗುವುದಿಲ್ಲ ಎಂದು. ಆ ದಿನ ಅವರ ಮೇಲೆ ನನಗೆ ವಿಪರೀತ ಸಿಟ್ಟು ಬಂದಿತ್ತು. ನಾನು ತಾಲ್ಲೂಕು ಕಚೇರಿಯ ಎದುರು ಜೆರಾಕ್ಸ್ ಅಂಗಡಿ ಇಟ್ಟವನು. ಅರ್ಜಿ ಟೈಪು ಮಾಡುತ್ತೇನೆ, ಲ್ಯಾಮಿನೇಷನ್ ಮಾಡುತ್ತೇನೆ, ಕೆಟ್ಟ ಪ್ರಿಂಟರನ್ನು ನಾನೇ ಬಿಚ್ಚಿ ಕೂಡಿಸುತ್ತೇನೆ. ಯಾವುದೇ ಯಂತ್ರ ಕೆಟ್ಟರೂ ರಿಪೇರಿಗೆ ಒಂದು ದಾರಿ ಇದ್ದೇ ಇರುತ್ತದೆ ಎಂದು ನಂಬಿ ಬದುಕಿದವನಿಗೆ 'ಏನೂ ಮಾಡಲಾಗದು' ಎಂಬ ಮಾತು ಗಂಟಲಲ್ಲಿ ಇಳಿಯಲಿಲ್ಲ. ಅವ್ವನ ತಲೆಯನ್ನಂತೂ ಬಿಚ್ಚಲಾರೆ, ಕೊನೆಗೆ ವೈಫೈಯನ್ನಾದರೂ ಸರಿಮಾಡುತ್ತೇನೆ ಎಂದು ಹೊರಟೆ.

ಅಕ್ಕನ ಮನೆಯ ಹತ್ತಿರ ಒಂದು ಲಾಡ್ಜು ಮುಚ್ಚಿತ್ತು. ಅಲ್ಲಿಯ ಸಾಮಾನನ್ನೆಲ್ಲ ಮಾರುತ್ತಿದ್ದಾರೆಂದು ಅವಳೇ ಹೇಳಿದಳು. ಹೋಗಿ ವೈಫೈ ಸಿಗ್ನಲ್ಲನ್ನು ಕೋಣೆಕೋಣೆಗೂ ಹರಡುವ ನಾಲ್ಕು ಆಕ್ಸೆಸ್ ಪಾಯಿಂಟು ತಂದೆ. ಸೂರಿಗೆ ಅಂಟಿಸುವಂಥವು, ದುಂಡಗೆ, ಬೋರಲು ಹಾಕಿದ ತಟ್ಟೆಯ ಹಾಗಿದ್ದವು. ಕೋಣೆಗೊಂದು ತಟ್ಟೆ ಕೂರಿಸಿ, ನಾಲ್ಕನ್ನೂ ಒಂದೇ ಡಬ್ಬಿಯಿಂದ ಆಳಬೇಕು. ಆ ಡಬ್ಬಿಗೆ ಕಂಟ್ರೋಲರ್ ಅಂತಾರೆ. ಸೋಪಿನ ಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದು. ಅದೊಂದಿದ್ದರೆ ಇಡೀ ಮನೆಗೆ ಒಂದೇ ಹೆಸರು, ಒಂದೇ ಪಾಸ್‌ವರ್ಡು. ಮನುಷ್ಯ ನಡೆದ ಹಾಗೆಲ್ಲ ಒಂದು ತಟ್ಟೆ ಅವನ ಫೋನನ್ನು ಇನ್ನೊಂದಕ್ಕೆ ಒಪ್ಪಿಸುತ್ತದೆ, ನಡುವೆ ಮಾತು ಕಡಿಯುವುದಿಲ್ಲ. ಇಷ್ಟನ್ನು ವಿಡಿಯೋ ನೋಡಿ ಕಲಿತಿದ್ದೆ. ವಿಡಿಯೋದಲ್ಲಿ ಆ ಮನುಷ್ಯ ಇಡೀ ಕೆಲಸವನ್ನು ಚಹಾ ಕುಡಿಯುತ್ತಾ ಮುಗಿಸಿದ್ದ.

ನನಗೆ ಎರಡು ವಾರ ಹಿಡಿಯಿತು. ತಟ್ಟೆಗಳಿಗೆ ಇನ್ನೂ ಲಾಡ್ಜಿನ ನೆನಪೇ. ಅಲ್ಲಿದ್ದ ಹಳೆಯ ಕಂಟ್ರೋಲರನ್ನೇ ಯಜಮಾನ ಅಂದುಕೊಂಡು, ನಾನು ಕೊಂಡ ಹೊಸ ಡಬ್ಬಿಯ ಮಾತು ಕೇಳಲೊಲ್ಲವು. ಹಳೆಯ ಪಾಸ್‌ವರ್ಡು ಕೇಳೋಣವೆಂದರೆ, ಅದನ್ನು ಹಾಕಿದವನು ಎಲ್ಲಿದ್ದಾನೋ ಲಾಡ್ಜಿನವರಿಗೇ ಗೊತ್ತಿಲ್ಲ. ಉಳಿದದ್ದು ಒಂದೇ ದಾರಿ. ಏಣಿ ಹತ್ತಿ, ತಟ್ಟೆಯ ಪಕ್ಕದ ಸಣ್ಣ ತೂತಿಗೆ ಹೆಂಡತಿಯ ಸೀರೆ ಪಿನ್ನು ತೂರಿಸಿ, ಅದರ ದೀಪ ಮಿಟುಕುವವರೆಗೂ ಒತ್ತಿ ಹಿಡಿಯಬೇಕು. ಆಗ ಅದು ಇರುವುದನ್ನೆಲ್ಲ ಮರೆತು ಹುಟ್ಟಿದಾಗಿನ ಸ್ಥಿತಿಗೆ ಬರುತ್ತದೆ. ಏಣಿಯ ಮೇಲೆ ಕತ್ತು ಮೇಲೆತ್ತಿ ಪಿನ್ನು ಒತ್ತುತ್ತಾ ನಿಂತಿದ್ದಾಗ ಕೆಳಗಿನಿಂದ ಅವ್ವ, "ಅದಕ್ಕೆ ಯಾಕೆ ಚುಚ್ತೀಯೋ, ನೋವಾಗಲ್ವಾ?" ಎಂದು ಕೇಳಿದಳು.

ಮೂರು ತಟ್ಟೆ ದಾರಿಗೆ ಬಂದವು. ಹಿತ್ತಿಲಿನದು ಮಾತ್ರ ಹಟ ಹಿಡಿಯಿತು. ಮೂರು ಸಲ ಪಿನ್ನು ಒತ್ತಿದೆ, ಬೈದೆ, ಏಣಿ ಇಳಿದು ಮುನಿಸಿಕೊಂಡು ಕೂತೆ. ಕೊನೆಗೆ ನೋಡಿದರೆ ತಪ್ಪು ನನ್ನದೇ. ಆ ತಟ್ಟೆಗೆ ಎಳೆದಿದ್ದ ವೈರಿನ ತುದಿಗೆ ನಾನೇ ಹಾಕಿದ್ದ ಪ್ಲಗ್ಗು ಸರಿಯಾಗಿ ಕೂತಿರಲಿಲ್ಲ. ನನ್ನ ಹೆಂಡತಿ ನ್ಯಾಮತಿಯ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸು, ಬೆಳಿಗ್ಗೆ ಬಸ್ಸಿಗೆ ಹೋದರೆ ಬರುವುದು ಸಂಜೆ. ಅವಳು ಅವತ್ತು ಬಂದವಳೇ ಕೈಕಾಲು ತೊಳೆಯುತ್ತಾ, "ರೀ, ಆ ತಟ್ಟೇಲಿ ಒಂದು ಹೊತ್ತಿನ ಊಟನಾದ್ರೂ ಬಡಿಸಬಹುದಿತ್ತು" ಎಂದು ನಕ್ಕಳು. ಆ ನಗುವಿನಲ್ಲಿಯೇ ನಾಲ್ಕನೆಯ ಹಸಿರು ದೀಪ ಹತ್ತಿತು. ಮರುದಿನ ಅವ್ವ ಪಡಸಾಲೆಯಿಂದ ಹಿತ್ತಿಲಿನವರೆಗೆ ಅಕ್ಕನ ಜೊತೆ ಮಾತಾಡುತ್ತಾ ನಡೆದಳು. ಅಕ್ಕ ಸಾಯಲಿಲ್ಲ. ನನಗೆ ಕಣ್ಣಲ್ಲಿ ನೀರು ಬಂತು, ಬಂದದ್ದನ್ನು ಹೆಂಡತಿ ನೋಡಿದಳು.

ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಕಂಟ್ರೋಲರಿನಲ್ಲಿ ಒಂದು ಪುಟವಿದೆ. ಯಾವ ಯಾವ ಫೋನು ಯಾವ ತಟ್ಟೆಗೆ ಸೇರಿಕೊಂಡಿದೆ ಎಂದು ಅದು ತೋರಿಸುತ್ತದೆ. ತಟ್ಟೆಗಳಿಗೆ ಪಡಸಾಲೆ, ನಡುಮನೆ, ಅಡುಗೆಮನೆ, ಹಿತ್ತಿಲು ಎಂದು ಹೆಸರು ಕೊಟ್ಟಿದ್ದೆ. ಅವ್ವನ ಫೋನು ಅಲ್ಲಿ ಏನೋ ಅಂಕಿ ಅಕ್ಷರಗಳ ಸಾಲಾಗಿ ಕಾಣುತ್ತಿತ್ತು, ಅದನ್ನು ಅಳಿಸಿ 'ಅವ್ವ' ಎಂದು ಬರೆದೆ. ಬರೆದು ನೋಡಿದರೆ, ಅವ್ವ – ಅಡುಗೆಮನೆ. ಪಕ್ಕದಲ್ಲಿ ಹಸಿರು ಚುಕ್ಕೆ. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ, ಅವ್ವ – ನಡುಮನೆ. ಇದೇ ಪುಟವನ್ನು ಅಂಗಡಿಯಲ್ಲಿ ಕೂತೂ ನೋಡಬಹುದಾಗಿತ್ತು.

ಅಷ್ಟರಲ್ಲಿ ಅವ್ವನಿಗೆ ಹೊಸ ಹುಚ್ಚು ಹತ್ತಿತ್ತು. ಅವಳ ತವರು ಜಗಳೂರು. ತಂದೆ ತಾಯಿ ಹೋಗಿ ಯಾವ ಕಾಲವಾಯಿತು, ಮನೆ ಮಾರಿ ಎಷ್ಟೋ ವರ್ಷವಾಯಿತು. ಆದರೂ ಇದ್ದಕ್ಕಿದ್ದಂತೆ ಎದ್ದು, "ಹೊತ್ತಾತು, ಜಗಳೂರಿಗೆ ಹೋಗಾಕೆ ಬಸ್ಸು ಸಿಗಲ್ಲ, ಹೊಂಟೆ" ಎಂದು ಸೆರಗು ಸರಿಮಾಡಿಕೊಂಡು ಬಾಗಿಲಿಗೆ ಬರುತ್ತಿದ್ದಳು. ಎರಡು ಸಲ ಬೀದಿಯ ಕೊನೆಯಿಂದ ಕರೆತಂದಿದ್ದೆವು. ನೋಡಿಕೊಳ್ಳಲು ಒಬ್ಬ ಹೆಂಗಸನ್ನು ಇಟ್ಟರೆ, ಕಳ್ಳಿ ಬಂದಿದ್ದಾಳೆಂದು ಕೂಗಿ ಓಡಿಸಿದಳು. ಅಕ್ಕನ ಮನೆಗೆ ಕಳಿಸಿದರೆ ಊಟ ಬಿಟ್ಟಳು. ಮನೆಗೆ ಬೀಗ ಹಾಕಿ ಹೋಗು ಎಂದರು ಕೆಲವರು. ಒಂದು ದಿನ ಹಾಕಿದೆ. ಅರ್ಧ ಗಂಟೆಗೇ ತಡೆಯದೆ ಓಡಿ ಬಂದಾಗ ಒಳಗಿನಿಂದ ಬಾಗಿಲ ಸಂದಿಗೆ ಬೆರಳು ತೂರಿಸಿಕೊಂಡು ನಿಂತಿದ್ದಳು. ಮತ್ತೆ ಹಾಕಲಿಲ್ಲ.

ಇದಕ್ಕೆ ಕಂಟ್ರೋಲರೇ ಉಪಾಯವೆಂದು ನನಗೆ ಹೊಳೆಯಿತು. ಅಂಗಡಿ ಮನೆಯಿಂದ ಐದು ನಿಮಿಷದ ದಾರಿ. ಪಡಸಾಲೆಯಿಂದ ಚುಕ್ಕೆ ಮಾಯವಾದ ಕೂಡಲೇ ಗಾಡಿ ಹತ್ತಿದರೆ ಸಾಕು. ಅವಳು ಫೋನನ್ನು ಎಲ್ಲೆಂದರಲ್ಲಿ ಬಿಡುತ್ತಾಳಲ್ಲ ಎಂಬ ಚಿಂತೆಯಿತ್ತು, ಅದಕ್ಕೂ ದಾರಿ ಕಂಡುಕೊಂಡೆ. ಅವ್ವ ಏನನ್ನು ಮರೆತರೂ ಸೊಂಟದ ಸಂಚಿಯನ್ನು ಮರೆಯುವವಳಲ್ಲ. ಎಲೆ, ಅಡಿಕೆ, ಸುಣ್ಣದ ಡಬ್ಬಿ, ಒಂದೊಂದಕ್ಕೂ ಒಂದೊಂದು ಅರೆ ಇರುವ ಬಟ್ಟೆಯ ಚೀಲ ಅದು, ಬಾಯಿಗೆ ಎಳೆದು ಕಟ್ಟುವ ದಾರ. ಮಲಗುವಾಗಲೂ ತಲೆದಿಂಬಿನ ಕೆಳಗೆ ಇರಬೇಕು. ಅದಕ್ಕೆ ಹೊರಗಡೆ ಇನ್ನೊಂದು ಅರೆ ಹೊಲಿಸಿ, ಫೋನನ್ನು ಇಟ್ಟು, ಬಾಯಿ ಹೊಲಿದುಬಿಟ್ಟೆವು. ಚಾರ್ಜು ಮಾಡಲು ಒಂದು ಸಣ್ಣ ಸಂದಿ ಮಾತ್ರ ಬಿಟ್ಟೆವು. ಅಕ್ಕನ ಜೊತೆ ಮಾತಾಡಲು ಹೆಂಡತಿಯ ಫೋನು ಇದ್ದೇ ಇತ್ತು.

ಚುಕ್ಕೆ ಸುಳ್ಳು ಹೇಳದಂತೆ ಮಾಡುವುದಕ್ಕೆ ಇನ್ನೊಂದು ಭಾನುವಾರ ಹೋಯಿತು. ಫೋನಿಗೆ ಮೊದಲು ಹಿಡಿದ ತಟ್ಟೆಯನ್ನು ಬಿಡಲು ಮನಸ್ಸಿರುವುದಿಲ್ಲ. ಅವ್ವ ಅಡುಗೆಮನೆಗೆ ಹೋಗಿ ಕೂತಿದ್ದರೂ ಚುಕ್ಕೆ ಪಡಸಾಲೆಯಲ್ಲೇ ನಿಂತಿರುತ್ತಿತ್ತು. ಒಂದೊಂದೇ ತಟ್ಟೆಯ ಸಿಗ್ನಲ್ಲಿನ ಬಲ ತಗ್ಗಿಸುತ್ತಾ ಹೋದೆ. ಹೆಂಡತಿ ಅವ್ವನ ಕೈ ಹಿಡಿದು ಕೋಣೆಯಿಂದ ಕೋಣೆಗೆ ನಡೆಸುತ್ತಾ, "ಈಗ ನಡುಮನೆ! ಈಗ ಅಡುಗೆಮನೆ!" ಎಂದು ಕೂಗುವುದು, ನಾನು ಪಡಸಾಲೆಯಲ್ಲಿ ಕೂತು ಹೊಂದಿಸುವುದು. ಅವ್ವನಿಗೆ ಇದು ಆಟವೆನಿಸಿ ಖುಷಿಯಾಗಿದ್ದಳು. ಕೊನೆಗೆ ಪರದೆಯನ್ನು ಅವಳಿಗೇ ತೋರಿಸಿದೆ.

"ನೋಡವ್ವ, ಇದು ನೀನು. ನೀನು ಎಲ್ಲಿದ್ರೂ ಇದರಾಗೆ ನನಗೆ ಗೊತ್ತಾಗ್ತೈತೆ."

ಅವಳು ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದಳು. "ನೀನು ಎಲ್ಲದೀಯ ಇದರಾಗೆ?"

"ನಾನು ಅಂಗಡೀಲಿರ್ತೀನಲ್ಲವ್ವ. ನಾನು ಇದರಾಗೆ ಕಾಣಲ್ಲ."

"ಹಂಗಾರೆ ನನಗೆ ಹೆಂಗೆ ಗೊತ್ತಾಗಬೇಕು?" ಎಂದಳು. ನಾನು ನಕ್ಕೆ. ಹೆಂಡತಿ ನಗಲಿಲ್ಲ. "ಚುಕ್ಕೆ ನೋಡಿದ್ರೆ ಅತ್ತೇನ ನೋಡಿದಂಗೆ ಆಗಲ್ಲ ಕಣ್ರೀ" ಎಂದು ಮಾತ್ರ ಹೇಳಿ ಒಳಗೆ ಹೋದಳು.

ಇನ್ನೆರಡು ಭದ್ರತೆಗಳನ್ನೂ ಮಾಡಿದ್ದೆ. ಅವ್ವನ ಆಧಾರ್ ಕಾರ್ಡನ್ನು ದಪ್ಪ ಲ್ಯಾಮಿನೇಷನ್ ಮಾಡಿ, ದಾರ ಕಟ್ಟಿ, ಕೊರಳಿಗೆ ಹಾಕಿದ್ದೆ. ತಪ್ಪಿಸಿಕೊಂಡರೆ ಯಾರಾದರೂ ವಿಳಾಸ ನೋಡಿ ಕರೆತರಲಿ ಎಂದು. ಮತ್ತೆ ನನ್ನ ಫೋನ್ ನಂಬರನ್ನು ಮಗ್ಗಿ ಹೇಳಿಕೊಟ್ಟ ಹಾಗೆ ರಾಗ ಹಾಕಿ ಬಾಯಿಪಾಠ ಮಾಡಿಸಿದ್ದೆ. ಎಷ್ಟೋ ಸಲ ನನ್ನ ಹೆಸರಿಗೆ ತಡವರಿಸುತ್ತಿದ್ದವಳು ನಂಬರು ಮಾತ್ರ ಒಂದೇ ಉಸಿರಿಗೆ ಹೇಳುತ್ತಿದ್ದಳು.

ಮೂರು ತಿಂಗಳು ಎಲ್ಲ ಸುಸೂತ್ರವಾಗಿ ನಡೆಯಿತು. ಅಂಗಡಿಯಲ್ಲಿ ಎರಡು ಪ್ರತಿಗಳ ನಡುವೆ ಒಮ್ಮೆ ಚುಕ್ಕೆ ನೋಡುವುದು ನನಗೆ ಚಟವಾಯಿತು. ಬಂದವರಿಗೆಲ್ಲ ತೋರಿಸುತ್ತಿದ್ದೆ, ಹೆಮ್ಮೆಯಿಂದ. ಈಗ ಅದನ್ನು ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ. ಮೊದಲೆಲ್ಲ ಹತ್ತೂವರೆಗೆ ಒಂದು ಸಲ, ಹನ್ನೆರಡಕ್ಕೆ ಒಂದು ಸಲ ಮನೆಗೆ ಹೋಗಿ ಬರುತ್ತಿದ್ದವನು ಆ ಮೂರು ತಿಂಗಳಲ್ಲಿ ಅದನ್ನು ಬಿಟ್ಟೇಬಿಟ್ಟಿದ್ದೆ.

ಆ ದಿನ ಚಳಿ ಇತ್ತು. ಹೆಂಡತಿ ಎಂದಿನಂತೆ ನ್ಯಾಮತಿಗೆ ಹೋಗಿದ್ದಳು. ಅಂಗಡಿಯಲ್ಲಿ ಅರ್ಜಿ ತುಂಬಿಸುವವರ ಸಾಲು. ಹತ್ತು ಗಂಟೆಗೆ ನೋಡಿದೆ, ಅವ್ವ – ಹಿತ್ತಿಲು. ಹನ್ನೊಂದಕ್ಕೂ ಹಿತ್ತಿಲು. ಹನ್ನೆರಡಕ್ಕೂ ಹಿತ್ತಿಲು. ಬಿಸಿಲು ಕಾಯಿಸಿಕೊಳ್ಳುತ್ತಾ ಕೂತಿದ್ದಾಳೆ, ಇವತ್ತು ಜಗಳೂರಿನ ನೆನಪು ಬಂದಿಲ್ಲ ಎಂದು ಸಮಾಧಾನವಾಯಿತು. ಹಿತ್ತಿಲಿನ ಗಿಡ್ಡ ಗೋಡೆಯ ಆಚೆ ಗಾದಿ ಹೊಲಿಯುವವರ ಮನೆ. ಆ ಮನೆಯ ಹೆಂಗಸು ಅರಳೆ ಬಿಡಿಸುತ್ತಾ ಅವ್ವನ ಜೊತೆ ಗೋಡೆ ಮೇಲಿಂದ ಮಾತಾಡುತ್ತಿರುತ್ತಾಳೆ, ಇಬ್ಬರೂ ಎಲೆಅಡಿಕೆಯ ಗೆಳತಿಯರು. ಜೊತೆಗೊಬ್ಬರು ಇದ್ದಾರೆಂದು ನಾನು ಇನ್ನಷ್ಟು ನಿಶ್ಚಿಂತನಾದೆ.

ಒಂದೂವರೆಗೆ ಊಟಕ್ಕೆ ಮನೆಗೆ ಬಂದೆ. ಬಾಗಿಲು ಹಾರು ಹೊಡೆದಿತ್ತು. ಪಡಸಾಲೆ, ನಡುಮನೆ, ಅಡುಗೆಮನೆ ದಾಟಿ ಹಿತ್ತಿಲಿಗೆ ಬಂದರೆ ಒಗೆಯುವ ಕಲ್ಲು ಖಾಲಿ. ಗೋಡೆಯ ಆಚೆ ಆ ಹೆಂಗಸಿನ ಬಾಗಿಲ ಪಕ್ಕದ ಮೊಳೆಯಲ್ಲಿ ಅವ್ವನ ಸಂಚಿ ನೇತಾಡುತ್ತಿತ್ತು.

"ಅವ್ವ ಎಲ್ಲಕ್ಕಾ?"

ಅವಳು ಅರಳೆ ಮೆತ್ತಿದ ಕೈಯಲ್ಲೇ ಎದ್ದು ಬಂದಳು. "ಒಳಗಿಲ್ವಾ? ಹತ್ತು ಗಂಟೆಗೇ ಹೋದ್ರಲ್ಲಣ್ಣ. ನಾನು ಒಂದು ಎಲೆ ಕೇಳ್ದೆ. ಸಂಚೀನೇ ಕೈಗೆ ಕೊಟ್ರು. 'ಹಾಕ್ಕೊಳ್ತಿರು, ಬಂದೆ' ಅಂದ್ರು. ಊಟ ಮಾಡಿ ಮಲಗ್ಯಾರೆ, ಎದ್ದ ಮೇಲೆ ಕೊಡಾನ ಅಂತ ಇಟ್ಕೊಂಡೆ." ಹೇಳುತ್ತಾ ಹೇಳುತ್ತಾ ಅವಳ ಮುಖ ಬಿಳುಚಿತು. "ಸಂಚಿ ಬಿಟ್ಟು ಎಲ್ಲಿಗೆ ಹೋಗ್ತಾರೆ ಅಂದ್ಕೊಂಡೆನಲ್ಲಣ್ಣ."

ಅವಳ ಮೇಲೆ ಹೇಗೆ ಸಿಟ್ಟು ಮಾಡಲಿ? ನಮ್ಮ ಕಡೆ ಎಲೆ ಕೇಳಿದವರಿಗೆ ಹೆಂಗಸರು ಒಂದೆಲೆ ಆರಿಸಿ ಕೊಡುವುದಿಲ್ಲ, ಸಂಚಿಯನ್ನೇ ಬಿಚ್ಚಿ ಕೈಗೆ ಕೊಡುತ್ತಾರೆ. ಬೇಕಾದ್ದು ತೆಗೆದುಕೊಂಡು, ದಾರ ಎಳೆದು, ಕೊಟ್ಟವರ ಕೈಗೇ ವಾಪಸು ಕೊಡಬೇಕು. ಹುಟ್ಟಿದಾಗಿನಿಂದ ನೋಡಿದ ಪದ್ಧತಿ. ನಾಲ್ಕು ತಟ್ಟೆಗಳ ಬಲವನ್ನು ಕೂದಲೆಳೆಯಷ್ಟು ಹೊಂದಿಸಿದ ನನಗೆ ಇದು ಹೊಳೆದಿರಲಿಲ್ಲ. ಅವ್ವನಿಗೆ ಬೇರೆ ಎಲ್ಲ ಮರೆತುಹೋಗಿತ್ತು, ಕೇಳಿದವರಿಗೆ ಸಂಚಿ ಕೊಡುವುದು ಮರೆತಿರಲಿಲ್ಲ.

ಬಸ್ ನಿಲ್ದಾಣಕ್ಕೆ ಓಡಿದೆ. ಕಡಲೆಕಾಯಿ ಮಾರುವವನು ನೋಡಿದ್ದ. ಕೊರಳಲ್ಲಿ ಕಾರ್ಡು ಹಾಕಿಕೊಂಡ ಅಜ್ಜಿ ದಾವಣಗೆರೆ ಬಸ್ಸು ಹತ್ತಿದರು, ಹತ್ತೂವರೆಯದ್ದು ಎಂದ. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ದುಡ್ಡು ಬೇಡ, ಆಧಾರ್ ತೋರಿಸಿದರೆ ಆಯಿತು. ತೋರಿಸಲು ಅನುಕೂಲವಾಗಲಿ ಎಂದು ಕೊರಳಿಗೇ ಕಟ್ಟಿ ಕಳಿಸಿದ ಪುಣ್ಯಾತ್ಮ ನಾನೇ. ಹೆಂಡತಿಗೆ ಫೋನು ಮಾಡಿದೆ. ಅವಳು ಬೈಯಲಿಲ್ಲ. "ನೀವು ಮುಂದೆ ಹೋಗ್ರಿ, ನಾನು ಮನೇಲಿರ್ತೀನಿ, ವಾಪಸ್ ಬಂದ್ರೆ ಯಾರಾದ್ರೂ ಇರಬೇಕಲ್ಲ" ಎಂದಳು. ಬೈದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು.

ಮೋಟಾರ್ ಸೈಕಲ್ಲಿನಲ್ಲಿ ದಾವಣಗೆರೆಗೆ ಹೋದೆ. ನಿಲ್ದಾಣದ ಬೆಂಚುಗಳನ್ನೆಲ್ಲ ನೋಡಿದೆ, ಪೊಲೀಸರಿಗೆ ಫೋಟೋ ಕೊಟ್ಟೆ. ಐವತ್ತು ದಾಟಿದ ಗಂಡಸು, ಬಸ್ಸಿನ ಕಿಟಕಿ ಕಿಟಕಿಗೂ ಇಣುಕಿ "ಅವ್ವಾ" ಎಂದು ಕೂಗಿದೆ. ಯಾರೋ ನಕ್ಕರು. ನಡುನಡುವೆ ಕೈ ತಾನಾಗಿಯೇ ಜೇಬಿಗೆ ಹೋಗಿ ಆ ಪುಟವನ್ನು ತೆರೆಯುತ್ತಿತ್ತು. ಅವ್ವ – ಹಿತ್ತಿಲು. ಹಸಿರು ಚುಕ್ಕೆ ಅಲುಗಾಡದೆ ಅಲ್ಲೇ ಇತ್ತು. ಸುಳ್ಳೆಂದು ಗೊತ್ತಿದ್ದೂ ಅದನ್ನು ನೋಡಿದಾಗೊಮ್ಮೆ ಅರೆಗಳಿಗೆ ಧೈರ್ಯ ಬರುತ್ತಿತ್ತು. ಅದಕ್ಕಿಂತ ನಾಚಿಕೆಗೇಡು ಇನ್ನೇನಿದೆ?

ಜಗಳೂರು ಮುಟ್ಟಿದಾಗ ಐದು ಗಂಟೆಯ ಹತ್ತಿರ. ದಾರಿಯುದ್ದಕ್ಕೂ ಬೇಡದ್ದೆಲ್ಲ ಕಣ್ಣ ಮುಂದೆ ಬಂದಿತ್ತು. ಚಿಕ್ಕಂದಿನಲ್ಲಿ ಬಂದ ನೆನಪಿನ ಮೇಲೆ ಓಣಿ ಹಿಡಿದೆ. ಅಜ್ಜನ ಮನೆ ಇದ್ದ ಜಾಗದಲ್ಲಿ ಈಗ ಗೊಬ್ಬರದ ಗೋದಾಮು, ಷಟರು ಎಳೆದಿತ್ತು. ಅದರ ಎದುರಿನ ಮನೆಯ ಕಟ್ಟೆಯ ಮೇಲೆ ಅವ್ವ ಕೂತಿದ್ದಳು. ಪಕ್ಕದಲ್ಲಿ ಯಾರೋ ಕೊಟ್ಟ ಚಹಾದ ಖಾಲಿ ಲೋಟ. ಕಾಲಿಗೆ ಚಪ್ಪಲಿ ಇರಲಿಲ್ಲ, ಹೆಬ್ಬೆರಳು ಒಡೆದು ರಕ್ತ ಹೆಪ್ಪುಗಟ್ಟಿತ್ತು. ಬಲಗೈ ಸೊಂಟದಲ್ಲಿ ಸಂಚಿ ಹುಡುಕುತ್ತಿತ್ತು, ಸಿಗದೆ ಮತ್ತೆ ಮತ್ತೆ ಹುಡುಕುತ್ತಿತ್ತು.

ಹೋಗಿ ಅವಳ ಪಕ್ಕದಲ್ಲಿ ಕೂತೆ.

ಅವಳು ಸ್ವಲ್ಪ ಸರಿದು ಜಾಗ ಕೊಟ್ಟಳು. ನನ್ನ ಮುಖವನ್ನು ದಿಟ್ಟಿಸಿ ನೋಡಿ, "ಈ ಓಣಿಯೋರೇನ್ರಿ ನೀವು?" ಎಂದು ಕೇಳಿದಳು.

ಬೈದರೂ ಮುದ್ದಿಸಿದರೂ ಜನ್ಮದಲ್ಲಿ 'ಲೋ' ಬಿಟ್ಟು ನನ್ನನ್ನು ಬೇರೆ ರೀತಿ ಕರೆದವಳಲ್ಲ. ನಾನು ತಲೆಯಾಡಿಸಿದೆ. ಹೌದು ಎಂದೋ ಅಲ್ಲ ಎಂದೋ ನನಗೇ ಗೊತ್ತಿಲ್ಲ.

"ಮನೆಯೋರೆಲ್ಲ ಎಲ್ಲಿಗೋ ಹೋಗ್ಯಾರೆ, ಬಾಗಿಲು ಹಾಕೈತೆ," ಎಂದು ಷಟರು ತೋರಿಸಿದಳು. "ಒಂದು ಉಪಕಾರ ಮಾಡ್ರಿ. ನಿಮ್ಮ ಫೋನಿನಾಗೆ ನನ್ನ ಮಗನಿಗೆ ಒಂದು ಫೋನ್ ಮಾಡ್ರಿ. ಹೊನ್ನಾಳಿಯಾಗೆ ಅದಾನೆ. ಅವನು ಹೆದ್ರುಪುಕ್ಲ, ಅಳ್ತಿರ್ತಾನೆ."

ನಂಬರು ಹೇಳಿದಳು. ಅದೇ ರಾಗದಲ್ಲಿ, ಒಂದೇ ಉಸಿರಿಗೆ, ಒಂದು ಅಂಕಿಯೂ ತಪ್ಪದೆ. ನಾನು ನನ್ನದೇ ಫೋನಿನಲ್ಲಿ ನನ್ನದೇ ನಂಬರು ಒತ್ತಿದೆ. ಕಿವಿಗೆ ಹಿಡಿದೆ. ಟುಂಯ್ ಟುಂಯ್ ಎಂದು ಸದ್ದು ಬಂದು ನಿಂತುಹೋಯಿತು.

"ಸಿಕ್ನಾ?"

"ಇಲ್ಲ," ಎಂದೆ. "ಸಿಗ್ತಾ ಇಲ್ಲ."

ಅವಳು ಬೇಸರ ಮಾಡಿಕೊಳ್ಳಲಿಲ್ಲ. ನನ್ನ ಕಣ್ಣೀರು ನೋಡಿ, ಅಪರಿಚಿತರನ್ನು ಸಮಾಧಾನ ಮಾಡುವ ದನಿಯಲ್ಲಿ, "ಇರಲಿ ಬಿಡ್ರಿ" ಎಂದು ನನ್ನ ಮೊಣಕಾಲು ತಟ್ಟಿದಳು. "ನಾನು ಎಲ್ಲದೀನಿ ಅನ್ನೋದು ಅವನಿಗೆ ಗೊತ್ತಾಗ್ತೈತೆ, ಅದಕ್ಕೊಂದು ಡಬ್ಬಿ ಇಟ್ಕಂಡಾನೆ. ಅವನು ಎಲ್ಲದಾನೆ ಅನ್ನೋದೇ ನನಗೆ ಗೊತ್ತಾಗಲ್ಲ, ನೋಡ್ರಿ."